ಗಣಕಗಳ ಅಕಾಲಮರಣ

ಕೃಷ್ಣಾ ತೀರದ ಉಗಾರ ಬುದ್ರುಕದ ಒಕ್ಕಲಿಗರಿಗೆ ಮೋಟಾರು ಸುಡುವದೆಂದರೇನೆಂಬದನ್ನು ಯಾರೂ ಹೊಸದಾಗಿ ತಿಳಿಯಹೇಳಬೇಕಾದುದಿಲ್ಲ. ಕಬ್ಬಿಗೆ ನೀರು ಬೇಕಾದ ದಿನಗಳಲ್ಲಿಯೇ ಎಲ್ಲರ ಪಂಪುಗಳೂ ಒಮ್ಮೆಲೇ ತಿರುಗತೊಡಗುತ್ತವೆ. ಟ್ರಾನ್ಸ್‌ಫಾರ್ಮರಿನ ಮೇಲೆ ಭಾರ ಹೆಚ್ಚಾಗಿ ತಂತಿಯಲ್ಲಿಯ ಒತ್ತಡ, ಅಂದರೆ ವೋಲ್ಟೇಜು, ಕುಗ್ಗುತ್ತದೆ. ಒತ್ತಡ ಕುಗ್ಗಿದ ಮೋಟಾರು ಅಷ್ಟೇ ನೀರನ್ನೆತ್ತುವದಕ್ಕಾಗಿ ಹೆಚ್ಚಿನ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ತಾಮ್ರದ ಸುರುಳಿ ಕಾದು ಮೇಲಿನ ಹೊದಿಕೆ ಕರಕಾಗುತ್ತದೆ. ಮರುದಿನ ಆ ಮೋಟಾರನ್ನು ಗಾಡಿಯಲ್ಲಿ ಹಾಕಿಕೊಂಡು ಸುರುಳಿ ಸುತ್ತಿಸಲು ಪೇಟೆಗೆ ಒಯ್ಯಬೇಕಾಗುತ್ತದೆ. ಈ ಕಥೆ ಪ್ರತಿ ಬೇಸಿಗೆಯಲ್ಲಿಯೂ ನಡೆಯತಕ್ಕದ್ದು. ಅದಕ್ಕೆ ಕಾರಣವೂ, ಖರ್ಚೂ, ಸುಟ್ಟ ವಾಸನೆಯೂ ಎಲ್ಲರಿಗೂ ಗೊತ್ತು.

ಆದರೆ ಅದೇ ಊರಿನಲ್ಲಿ ಈಗ ಇನ್ನೊಂದು ಜಾತಿಯ ಯಂತ್ರವು ಬಂದು ಕುಳಿತಿದೆ. ಕಾರ್ಖಾನೆಯ ತೂಕದ ಕಾಟೆಯಲ್ಲಿ ಕಬ್ಬಿನ ಗಾಡಿಯ ತೂಕವನ್ನು ಬರೆದಿಡುವದು ಅದು. ನಾಡಕಚೇರಿಯಲ್ಲಿ ಉತಾರ ತೆಗೆದುಕೊಡುವದು ಅದು. ಪತ್ತಿನ ಸಂಘದ ಬಡ್ಡಿಯ ಲೆಕ್ಕ ಮಾಡುವದೂ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನ ಮೇಜಿನ ಮೇಲೆ ಕುಳಿತು ಹಗಲೆಲ್ಲ ಪಾಠವನ್ನೂ ರಾತ್ರಿಯೆಲ್ಲ ಆಟವನ್ನೂ ನಡೆಸುವದೂ ಅದೇ. ಈ ಗಣಕಯಂತ್ರದ ಹೃದಯವಾದ ಪ್ರೊಸೆಸರು ಸಾಯುವ ರೀತಿಯು ಮೋಟಾರಿನ ರೀತಿಗೆ ತೀರ ವಿರುದ್ಧವಾದುದು. ಮೋಟಾರು ಒತ್ತಡ ಸಾಲದೆ ಸುಡುತ್ತದೆ. ಪ್ರೊಸೆಸರು ಒತ್ತಡ ಮಿತಿಮೀರಿ ಸಾಯುತ್ತದೆ. ಮೋಟಾರು ಸುಟ್ಟರೆ ಊರಿಗೆಲ್ಲ ವಾಸನೆ. ಪ್ರೊಸೆಸರು ಸತ್ತರೆ ಬಗಲಲ್ಲಿ ಕುಳಿತವನಿಗೂ ತಿಳಿಯುವದಿಲ್ಲ. ಇಷ್ಟೇ ಆಗಿದ್ದರೆ ಇದು ಯಂತ್ರ ಬಲ್ಲವರ ಕುತೂಹಲದ ವಿಷಯವಾಗಿ ಉಳಿಯುತ್ತಿತ್ತು. ಆದರೆ 2022ರಿಂದ 2024ರ ವರೆಗಿನ ಕಾಲದಲ್ಲಿ ನಡೆದ ಒಂದು ಪ್ರಕರಣವು ಇದನ್ನು ಗಿರಾಕಿಯ ಹಕ್ಕಿನ ವಿಷಯವನ್ನಾಗಿ ಮಾಡಿದೆ. ಆದುದರಿಂದ ಕಚೇರಿಗಳಿಗೆ ಗಣಕಗಳನ್ನು ಕೊಳ್ಳುವ ಅಧಿಕಾರಿಗಳೂ, ಮಕ್ಕಳ ಒತ್ತಾಯಕ್ಕೆ ಲಕ್ಷಗಟ್ಟಲೆ ಹಣ ಎಣಿಸುವ ತಂದೆತಾಯಿಗಳೂ ಇತ್ತ ಲಕ್ಷ್ಯಗೊಡುವದು ಅವಶ್ಯವೆಂದು ನಮಗೆ ತೋರುತ್ತದೆ.

ಪ್ರೊಸೆಸರೆಂಬದು ಬೆರಳಿನ ಉಗುರಿಗಿಂತ ಬಹಳ ದೊಡ್ಡದಲ್ಲದ ಸಿಲಿಕಾನಿನ ಬಿಲ್ಲೆ. ಅದರೊಳಗೆ ನೂರಾರು ಕೋಟಿ ಟ್ರಾನ್ಸಿಸ್ಟರುಗಳು, ಅಂದರೆ ತೀರ ಸಣ್ಣ ವಿದ್ಯುತ್ ಕದಗಳು, ತೆರೆಯುತ್ತ ಮುಚ್ಚುತ್ತ ಇರುತ್ತವೆ. ಇವೆಲ್ಲವೂ ಒಂದೇ ತಾಳಕ್ಕೆ ನಡೆಯಬೇಕು. ಆ ತಾಳವನ್ನು ಹಾಕುವದಕ್ಕಾಗಿ ಒಳಗೊಂದು ಗಡಿಯಾರವಿರುತ್ತದೆ. ಮೂರು ಗಿಗಾಹರ್ಟ್ಸಿನ ಪ್ರೊಸೆಸರೆಂದರೆ ಆ ಗಡಿಯಾರವು ಒಂದು ಸೆಕೆಂಡಿನಲ್ಲಿ 300 ಕೋಟಿ ಸಲ ಬಡಿಯುತ್ತದೆಂದು ಅರ್ಥ. ಎರಡು ಬಡಿತಗಳ ನಡುವಿನ ಅವಧಿಯಲ್ಲಿ ಬೆಳಕು ಸಹ ಒಂದು ಗೇಣನ್ನು ದಾಟಲಾರದು. ಹತ್ತು ಸೆಂಟಿಮೀಟರು ಮಾತ್ರ ಹೋಗಬಲ್ಲದು. ಅಷ್ಟರೊಳಗೆ ಪ್ರತಿಯೊಂದು ಕದವೂ ತನ್ನ ಕೆಲಸವನ್ನು ಮುಗಿಸಿ ಮುಂದಿನ ಬಡಿತಕ್ಕೆ ಸಿದ್ಧವಾಗಿರಬೇಕು. ಮುಗಿಸದಿದ್ದರೆ ಲೆಕ್ಕವು ತಪ್ಪುತ್ತದೆ.

ತಯಾರಿಸಿದವರು ಗೊತ್ತುಮಾಡಿದ ತಾಳಕ್ಕಿಂತ ಚುರುಕಾದ ತಾಳಕ್ಕೆ ಪ್ರೊಸೆಸರನ್ನು ಕುಣಿಸುವದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಇದು ಹೊಸದೇನೂ ಅಲ್ಲ. 1998ರಲ್ಲಿ ಇಂಟೆಲ್ ಕಂಪನಿಯು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಪೇಟೆಗೆ ಬಿಟ್ಟಿತು. ಅದರ ವೇಗವು 300 ಮೆಗಾಹರ್ಟ್ಸ್. ಆದರೆ ಮದರ್‌ಬೋರ್ಡಿನ ತಾಳವನ್ನು 66ರಿಂದ 100ಕ್ಕೆ ಏರಿಸಿದರೆ ಅದೇ ಬಿಲ್ಲೆಯು 450ರಲ್ಲಿ ನಿರಾತಂಕವಾಗಿ ಓಡುವದೆಂಬದನ್ನು ಜನ ಬೇಗನೆ ಕಂಡುಹಿಡಿದರು. ಅರ್ಧದಷ್ಟು ಹೆಚ್ಚಿನ ವೇಗವು ಬಿಟ್ಟಿಯಾಗಿ ದೊರೆತಂತಾಯಿತು! ಆ ಕಾಲದಲ್ಲಿ ತಯಾರಕರು ತಮ್ಮ ಮಾಲಿನಲ್ಲಿ ಸಾಕಷ್ಟು ಸಡಿಲನ್ನು ಉಳಿಸಿ ಮಾರುತ್ತಿದ್ದರು. ಹತ್ತು ಚೀಲ ಹೊರಬಲ್ಲ ಎತ್ತಿಗೆ ಆರು ಚೀಲವೆಂದು ಚೀಟಿ ಕಟ್ಟಿ ಮಾರಿದ ಹಾಗೆ. ಜಾಣ ಗಿರಾಕಿಯು ಆ ಸಡಿಲನ್ನು ಉಪಯೋಗಿಸಿಕೊಂಡನು. ಇದರಲ್ಲಿ ಯಾರ ಗಂಟೂ ಹೋಗಲಿಲ್ಲ.

ಕಷ್ಟವು ಪ್ರಾರಂಭವಾದದ್ದು ಮುಂದಿನ ಹೆಜ್ಜೆಯಲ್ಲಿ. ತಾಳವನ್ನು ಇನ್ನೂ ಏರಿಸಿದರೆ ಕದಗಳು ಸಮಯಕ್ಕೆ ಸರಿಯಾಗಿ ಮುಚ್ಚಲಾರವು. ಅವುಗಳನ್ನು ಚುರುಕುಗೊಳಿಸುವ ಉಪಾಯ ಒಂದೇ: ಒಳಗಿನ ಒತ್ತಡವನ್ನು ಹೆಚ್ಚಿಸುವದು. ಒತ್ತಡ ಹೆಚ್ಚಾದರೆ ವಿದ್ಯುದಾವೇಶವು ಬೇಗನೆ ತುಂಬುತ್ತದೆ, ಕದವು ಬೇಗನೆ ತಿರುಗುತ್ತದೆ. ಆದರೆ ಈ ವ್ಯಾಪಾರದಲ್ಲಿ ಲೆಕ್ಕವು ಗಿರಾಕಿಯ ಪರವಾಗಿಲ್ಲ. ಪ್ರೊಸೆಸರು ನುಂಗುವ ಶಕ್ತಿಯು ವೇಗದೊಡನೆ ನೇರವಾಗಿಯೂ ಒತ್ತಡದೊಡನೆ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ವೇಗವನ್ನು ಶೇಕಡಾ 20ರಷ್ಟು ಹೆಚ್ಚಿಸುವದಕ್ಕಾಗಿ ಒತ್ತಡವನ್ನೂ ಶೇಕಡಾ 20ರಷ್ಟು ಏರಿಸಿದೆವೆಂದು ತಿಳಿಯಿರಿ. ಕೆಲಸವು ಹೆಚ್ಚಾದದ್ದು ಶೇಕಡಾ 20. ಕಾವು ಹೆಚ್ಚಾದದ್ದು ಶೇಕಡಾ 73. ಈ ಕಾವೆಲ್ಲವೂ ಉಗುರಿನಷ್ಟು ಜಾಗದಿಂದಲೇ ಹೊರಬೀಳಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕುವದು ಒಳ್ಳೆಯದು. ವೋಲ್ಟೇಜಿನ ಮಾತೆತ್ತಿದೊಡನೆ ನಮ್ಮ ಜನಕ್ಕೆ ನೆನಪಾಗುವದು ಗೋಡೆಯ 230 ವೋಲ್ಟು. ಅದರ ಏರಿಳಿತಕ್ಕಾಗಿ ಸ್ಟೆಬಿಲೈಜರನ್ನಿಟ್ಟು, ಯುಪಿಎಸ್ಸನ್ನಿಟ್ಟು, ಇನ್ನು ಭಯವಿಲ್ಲವೆಂದು ನೆಮ್ಮದಿಯಿಂದ ಇರುವವರು ಬಹಳ. ಅವುಗಳ ಉಪಯೋಗವಿಲ್ಲವೆಂದಲ್ಲ, ಮಿಂಚು ಗುಡುಗಿನ ದಿನಗಳಲ್ಲಿ ಅವು ಬೇಕೇ ಬೇಕು. ಆದರೆ ಪ್ರೊಸೆಸರಿನ ವರೆಗೆ ಆ 230 ಎಂದೂ ತಲುಪುವದಿಲ್ಲ. ಪೆಟ್ಟಿಗೆಯ ಒಳಗೆ ಅದು ಮೊದಲು 12 ವೋಲ್ಟಿಗೆ ಇಳಿಯುತ್ತದೆ; ಮದರ್‌ಬೋರ್ಡಿನ ಮೇಲೆ ಮತ್ತೊಮ್ಮೆ ಇಳಿದು ಒಂದೂಕಾಲು ವೋಲ್ಟಿನ ಆಸುಪಾಸಿಗೆ ಬರುತ್ತದೆ. ಒಂದು ಸಾದಾ ಬ್ಯಾಟರಿ ಸೆಲ್ಲಿಗಿಂತಲೂ ಕಡಿಮೆ! ಅಲ್ಲಿ ಕಾಲು ವೋಲ್ಟು ಹೆಚ್ಚಾದರೂ ಅದು ಅತಿಯಾದ ಒತ್ತಡವೇ ಸರಿ. ಈ ಅತಿಯನ್ನು ಮಾಡುವದು ಹೊರಗಿನ ತಂತಿಯಲ್ಲ, ಒಳಗಿನ ಆಜ್ಞೆ. ಗೋಡೆಯ ಹತ್ತಿರ ಎಷ್ಟು ಸ್ಟೆಬಿಲೈಜರುಗಳನ್ನಿಟ್ಟರೂ ಅದನ್ನು ತಡೆಯಲಾರವು.

ಒತ್ತಡ ಇಷ್ಟು ಕಡಿಮೆಯೆಂದು ಉದಾಸೀನ ಮಾಡುವಂತಿಲ್ಲ. 2022ರಲ್ಲಿ ಹೊರಬಂದ ಕೋರ್ ಐ-9 13900ಕೆ ಎಂಬ ಪ್ರೊಸೆಸರು ಪೂರ್ಣ ರಭಸದಲ್ಲಿ 253 ವ್ಯಾಟು ಶಕ್ತಿಯನ್ನು ಎಳೆಯಬಲ್ಲದು. ಒಂದೂಕಾಲು ವೋಲ್ಟಿನಲ್ಲಿ ಇದಕ್ಕೆ ಸುಮಾರು 200 ಆಂಪಿಯರು ಪ್ರವಾಹವು ಬೇಕು. ಉಗಾರದ ಹೊಲದಲ್ಲಿಯ ಐದು ಅಶ್ವಶಕ್ತಿಯ ಪಂಪು ಒಂದೊಂದು ಫೇಸಿನಿಂದ ಎಳೆಯುವದು ಏಳೆಂಟು ಆಂಪಿಯರು ಮಾತ್ರ ಎಂಬದನ್ನು ನೆನೆದರೆ ಇದರ ಅಗಾಧತೆಯು ಮನಸ್ಸಿಗೆ ಬಂದೀತು. ಕಾವಿನ ಮಾತೂ ಹಾಗೆಯೇ. ಅಡಿಗೆಯ ವಿದ್ಯುತ್ ಒಲೆಯು ಒಂದು ಚದರ ಸೆಂಟಿಮೀಟರಿನಿಂದ ಹತ್ತು ವ್ಯಾಟಿಗಿಂತ ಕಡಿಮೆ ಕಾವನ್ನು ಕೊಡುತ್ತದೆ; ಈ ಬಿಲ್ಲೆಯು ಅಷ್ಟೇ ಜಾಗದಿಂದ ನೂರರ ಸಮೀಪ ಕೊಡುತ್ತದೆ. ಉಗಾರದ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುವದುಂಟು. ಕೋಣೆಯ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಒಳಗಿನ ಬಿಲ್ಲೆಯೂ ಸುಮಾರಾಗಿ ಅಷ್ಟೇ ಬಿಸಿಯಾಗುತ್ತದೆ. ಅದರ ಮೇಲೆ ಸಕ್ಕರೆ ಕಾರ್ಖಾನೆಯ ಊರುಗಳಲ್ಲಿ ಗಾಳಿಯೊಡನೆ ಬರುವ ಬೂದಿಯೂ ಧೂಳೂ ಫ್ಯಾನಿನ ಬಾಯಿಯನ್ನು ಮುಚ್ಚಿದರೆ ಕೇಳುವದೇ ಬೇಡ.

ಇನ್ನು ಈ ಒತ್ತಡವು ಒಳಗೆ ಮಾಡುವ ಹಾನಿ ಯಾವದು? ಅದು ಮುಖ್ಯವಾಗಿ ಮೂರು ಬಗೆಯಿಂದ ಆಗುತ್ತದೆ.

ಟ್ರಾನ್ಸಿಸ್ಟರೆಂಬ ಕದದಲ್ಲಿ ಚಿಲುಕಕ್ಕೂ ಪ್ರವಾಹದ ಹಾದಿಗೂ ನಡುವೆ ವಿದ್ಯುತ್ತು ಹರಿಯಗೊಡದ ಒಂದು ತೆಳ್ಳನ್ನ ಪೊರೆಯಿರುತ್ತದೆ. 90 ನ್ಯಾನೋಮೀಟರಿನ ಕಾಲದ ಪ್ರೊಸೆಸರುಗಳಲ್ಲಿ ಈ ಪೊರೆಯ ದಪ್ಪವು 1.2 ನ್ಯಾನೋಮೀಟರಿಗೆ ಇಳಿದಿತ್ತು; ಅಂದರೆ ಐದಾರು ಅಣುಗಳ ದಪ್ಪ. ಒಂದು ನ್ಯಾನೋಮೀಟರಿನ ಎರಡು ಕಡೆಗೆ ಒಂದು ವೋಲ್ಟನ್ನಿಟ್ಟರೆ ಅದು ಒಂದು ಮೀಟರಿಗೆ 100 ಕೋಟಿ ವೋಲ್ಟನ್ನಿಟ್ಟ ಲೆಕ್ಕ. ಗಾಳಿಯಲ್ಲಿ ಮೀಟರಿಗೆ 30 ಲಕ್ಷ ವೋಲ್ಟಾದರೆ ಸಾಕು, ಕಿಡಿ ಹಾರುತ್ತದೆ. ಹೀಗೆ ಗಾಳಿಯನ್ನು ಸೀಳುವ ಒತ್ತಡದ ಮುನ್ನೂರು ಪಟ್ಟನ್ನು ಆ ಐದಾರು ಅಣುಗಳ ಪೊರೆಯು ಹಗಲಿರುಳು ತಡೆದುಕೊಂಡು ನಿಂತಿರುತ್ತದೆ. ಅದನ್ನು ಇನ್ನಷ್ಟು ಹೆಚ್ಚಿಸಿದಾಗ ಪೊರೆಯಲ್ಲಿ ಅಲ್ಲಲ್ಲಿ ದೋಷಗಳು ಹುಟ್ಟುತ್ತವೆ. ಒಂದು ದೋಷದಿಂದ ಏನೂ ಕೆಡುವದಿಲ್ಲ. ಆದರೆ ಹೊಳೆಯಲ್ಲಿ ಹೆಜ್ಜೆಗೊಂದು ಕಲ್ಲು ಬಿದ್ದು ಕಡೆಗೊಂದು ದಿನ ದಡದಿಂದ ದಡಕ್ಕೆ ದಾಟುವಂತಾಗುವ ಹಾಗೆ, ದೋಷಗಳು ಸಾಲಾಗಿ ಕೂಡಿದ ದಿನ ವಿದ್ಯುತ್ತು ಪೊರೆಯನ್ನು ದಾಟಿಬಿಡುತ್ತದೆ. ಆ ಕದವು ಅಲ್ಲಿಗೆ ಮುಗಿಯಿತು. 2007ರಲ್ಲಿ ಹಾಫ್ನಿಯಮ್ ಎಂಬ ಧಾತುವನ್ನು ಕೂಡಿಸಿದ ದಪ್ಪನೆಯ ಪೊರೆಯು ಬಳಕೆಗೆ ಬಂದು ಸೋರಿಕೆಯು ಕಡಿಮೆಯಾಯಿತಾದರೂ ಸಾವಿನ ರೀತಿಯು ಬದಲಾಗಲಿಲ್ಲ.

ಎರಡನೆಯದು ಇನ್ನೂ ವಿಚಿತ್ರವಾದುದು. ಕದಗಳನ್ನು ಜೋಡಿಸುವ ಲೋಹದ ಗೆರೆಗಳಲ್ಲಿ ಪ್ರವಾಹವು ಅತಿಯಾದಾಗ ಎಲೆಕ್ಟ್ರಾನುಗಳ ಹೊಡೆತಕ್ಕೆ ಲೋಹದ ಪರಮಾಣುಗಳೇ ಕೊಚ್ಚಿಕೊಂಡು ಹೋಗತೊಡಗುತ್ತವೆ. ಕೃಷ್ಣೆಯು ಪ್ರವಾಹ ಬಂದಾಗ ಒಂದು ದಂಡೆಯನ್ನು ಕೊರೆದು ಮತ್ತೊಂದು ಕಡೆಗೆ ಮರಳನ್ನು ಗುಡ್ಡೆ ಹಾಕುವದನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಕೊರೆದ ಕಡೆಗೆ ಗೆರೆಯು ತುಂಡಾಗುತ್ತದೆ. ಗುಡ್ಡೆಯಾದ ಕಡೆಗೆ ಬಗಲಿನ ಗೆರೆಗೆ ತಗುಲುತ್ತದೆ. ಅಮೇರಿಕೆಯ ಮೊಟೊರೋಲಾ ಕಂಪನಿಯಲ್ಲಿದ್ದ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯು 1960ರ ದಶಕದ ಕೊನೆಯಲ್ಲಿಯೇ ಇದಕ್ಕೊಂದು ಸೂತ್ರವನ್ನು ಕಟ್ಟಿಕೊಟ್ಟನು. ಅದರ ಪ್ರಕಾರ ಗೆರೆಯಲ್ಲಿಯ ಪ್ರವಾಹದ ದಟ್ಟಣೆ ಇಮ್ಮಡಿಯಾದರೆ ಆಯುಷ್ಯವು ಕಾಲುಭಾಗಕ್ಕೆ ಇಳಿಯುತ್ತದೆ. ಕಾವು ಏರಿದಂತೆ ಅದು ಇನ್ನೂ ಭರದಿಂದ ಕುಸಿಯುತ್ತದೆ. ಅಲ್ಯುಮಿನಿಯಮ್ಮಿನ ಗೆರೆಗಳ ಬದಲು ತಾಮ್ರದ ಗೆರೆಗಳನ್ನು ಬಳಸುವ ವಿಧಾನವನ್ನು ಐಬಿಎಂ ಕಂಪನಿಯು 1997ರಲ್ಲಿ ಸಾರಿದ್ದಕ್ಕೆ ಇದೂ ಒಂದು ಕಾರಣ.

ಮೂರನೆಯದು ಮುಪ್ಪು. ಪೊರೆಯ ಅಂಚಿನಲ್ಲಿ ಆವೇಶಗಳು ಸಿಕ್ಕಿಬಿದ್ದು ಕದವು ದಿನದಿನಕ್ಕೆ ಜಡವಾಗುತ್ತದೆ. ಮೊದಲು 1.2 ವೋಲ್ಟಿನಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಮುಂದೆ 1.25 ಬೇಕೆನ್ನುತ್ತದೆ, ಆಮೇಲೆ 1.3 ಬೇಕೆನ್ನುತ್ತದೆ. ಯಜಮಾನನು ಕೊಟ್ಟುಬಿಡುತ್ತಾನೆ, ಕೊಟ್ಟಷ್ಟೂ ಮುಪ್ಪು ಬೇಗ ಬರುತ್ತದೆ. ಸಾಲ ತೀರಿಸುವದಕ್ಕೆ ಹೆಚ್ಚಿನ ಬಡ್ಡಿಯ ಮತ್ತೊಂದು ಸಾಲ ತಂದವನ ಗತಿ ಇದಕ್ಕಿಂತ ಬೇರೆಯಲ್ಲ. ಇದರಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಈ ಹಾನಿಯು ಬಹುಮಟ್ಟಿಗೆ ತಿರುಗಿ ಬಾರದು. ಒತ್ತಡವನ್ನು ಇಳಿಸಿದೊಡನೆ ಯೌವನವು ಮರಳಿ ಬರುತ್ತದೆಂದು ಯಾರೂ ತಿಳಿಯಬಾರದು.

ಈ ಮೂರೂ ಕೂಡಿದರೆ ಏನಾಗುವದೆಂಬದನ್ನು ಜಗತ್ತು 2002ರ ಸುಮಾರಿಗೆ ಕಂಡಿತು. ಇಂಟೆಲ್ಲಿನ ನಾರ್ಥ್‌ವುಡ್ ಹೆಸರಿನ ಪೆಂಟಿಯಮ್-4 ಪ್ರೊಸೆಸರುಗಳು ಆ ವರುಷ ಬಂದವು. ಅವುಗಳಿಗೆ ಗೊತ್ತುಮಾಡಿದ ಒತ್ತಡವು ಒಂದೂವರೆ ವೋಲ್ಟು. ಹಿಂದಿನ ಪೀಳಿಗೆಯ ದಪ್ಪನೆಯ ಬಿಲ್ಲೆಗಳಿಗೆ 1.75 ಕೊಟ್ಟು ರೂಢಿಯಾಗಿದ್ದ ಉತ್ಸಾಹಿಗಳು ಇವಕ್ಕೂ 1.7ನ್ನು ಮೀರಿ ಕೊಟ್ಟರು. ಯಂತ್ರಗಳು ಸೊಗಸಾಗಿ ಓಡಿದವು. ಕಾವೂ ಹೆಚ್ಚಾದಂತೆ ತೋರಲಿಲ್ಲ. ಆದರೆ ಕೆಲವು ವಾರಗಳಿಗೋ ಕೆಲವು ತಿಂಗಳಿಗೋ ಒಂದು ದಿನ, ಯಾವ ಮುನ್ಸೂಚನೆಯೂ ಇಲ್ಲದೆ, ನಿನ್ನೆ ರಾತ್ರಿ ಆಡಿದ ಯಂತ್ರವು ಇಂದು ಬೆಳಿಗ್ಗೆ ಏಳಲಿಲ್ಲ. ಇದಕ್ಕೆ ಆ ಜನರು ನಾರ್ಥ್‌ವುಡ್ಡಿನ ಹಠಾತ್ ಮರಣವೆಂದೇ ಹೆಸರಿಟ್ಟರು. ಥರ್ಮಾಮೀಟರು ನೆಟ್ಟಗಿದ್ದ ಮಾತ್ರಕ್ಕೆ ರೋಗಿಯು ನೆಟ್ಟಗಿದ್ದಾನೆಂದು ನಂಬಿದ್ದೇ ಅವರ ಪ್ರಮಾದ. ಒತ್ತಡವೇ ಒಂದು ಸ್ವತಂತ್ರ ವಿಷವೆಂಬದು ಅಂದಿನಿಂದ ಸರ್ವರಿಗೂ ತಿಳಿಯಬಂದಿತು.

ಸಾಹಸಕ್ಕಾಗಿಯೇ ಈ ಕೆಲಸ ಮಾಡುವವರ ಮಾತು ಬೇರೆ. ಅವರು ಪ್ರೊಸೆಸರಿನ ಮೇಲೆ ದ್ರವ ನೈಟ್ರೋಜನ್ನನ್ನು ಸುರಿದು ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಳಿಸುತ್ತಾರೆ. ಅದಕ್ಕೂ ತೃಪ್ತಿಯಿಲ್ಲದವರು ದ್ರವ ಹೀಲಿಯಮ್ಮನ್ನು ತಂದು 269 ಡಿಗ್ರಿ ಕೆಳಗೆ ಹೋಗುತ್ತಾರೆ. ಆ ಶೀತದಲ್ಲಿ ಪರಮಾಣುಗಳ ಚಲನೆಯೂ ಪ್ರವಾಹದ ಸೋರಿಕೆಯೂ ಬಹಳ ಮಟ್ಟಿಗೆ ಕುಗ್ಗುವದರಿಂದ ಕೆಲವು ನಿಮಿಷಗಳ ವರೆಗೆ ವಿಪರೀತ ಒತ್ತಡವನ್ನು ಕೊಡಬಹುದು. 2011ರಲ್ಲಿ ಎಎಂಡಿ ಕಂಪನಿಯ ಎಫ್‌ಎಕ್ಸ್ ಪ್ರೊಸೆಸರು ಈ ರೀತಿಯಲ್ಲಿ 8.4 ಗಿಗಾಹರ್ಟ್ಸನ್ನು ದಾಟಿತು. 2022ರ ಕೊನೆಗೆ ಇಂಟೆಲ್ಲಿನ 13900ಕೆ ಒಂಬತ್ತನ್ನು ದಾಟಿತು. ಸೆಕೆಂಡಿಗೆ 900 ಕೋಟಿ ಬಡಿತ. ನಮ್ಮ ಗಡಿನಾಡಿನ ಜನಕ್ಕೆ ಕುಸ್ತಿಯ ಕಣದ ಮರ್ಯಾದೆ ಗೊತ್ತಿದೆ. ಕಣಕ್ಕಿಳಿದ ಪೈಲವಾನನು ಕೈ ಮುರಿದುಕೊಂಡರೆ ಯಾರ ಮೇಲೂ ಫಿರ್ಯಾದಿ ಹೋಗುವದಿಲ್ಲ. ಇದೂ ಹಾಗೆಯೇ, ಸ್ವಂತ ಹಣದ ಬಿಲ್ಲೆಯನ್ನು ತಿಳಿದು ತಿಳಿದು ಸುಟ್ಟುಕೊಳ್ಳುವವನನ್ನು ನಾವು ದೂರುವದಿಲ್ಲ.

ದೂರಬೇಕಾದುದು ಬೇರೊಂದಿದೆ. 1998ರಲ್ಲಿ ಬಿಲ್ಲೆಯೊಳಗೆ ಉಳಿದಿರುತ್ತಿದ್ದ ಆ ಸಡಿಲು 2022ರ ಹೊತ್ತಿಗೆ ಎಲ್ಲಿ ಹೋಯಿತು? ಅದನ್ನು ತಯಾರಕರೇ ತೆಗೆದುಕೊಂಡುಬಿಟ್ಟಿದ್ದರು. ಮೇಲೆ ಹೇಳಿದ 13900ಕೆ ಪ್ರೊಸೆಸರಿನ ಸಾದಾ ವೇಗವು 3 ಗಿಗಾಹರ್ಟ್ಸ್. ಆದರೆ ಅದು ತನ್ನಷ್ಟಕ್ಕೆ ತಾನೇ 5.8ರ ವರೆಗೆ ಜಿಗಿಯುವಂತೆ ಕಾರ್ಖಾನೆಯಲ್ಲಿಯೇ ಏರ್ಪಡಿಸಲಾಗಿತ್ತು. 2023ರ ಅಕ್ಟೋಬರದಲ್ಲಿ ಬಂದ 14900ಕೆ ಅದನ್ನು 6ಕ್ಕೆ ಒಯ್ದಿತು. ಎದುರಾಳಿ ಕಂಪನಿಗಿಂತ ಒಂದು ಕೂದಲೆಳೆ ಮುಂದಿರಬೇಕೆಂಬ ಹಟವು ಇದಕ್ಕೆ ಕಾರಣವೆಂಬದನ್ನು ಊಹಿಸುವದು ಕಷ್ಟವಲ್ಲ. ಅದರ ಮೇಲೆ ಮದರ್‌ಬೋರ್ಡು ಮಾಡುವವರು ತಮ್ಮ ತಮ್ಮೊಳಗಿನ ಸ್ಪರ್ಧೆಯಿಂದ ಶಕ್ತಿಯ ಮಿತಿಗಳನ್ನು ಇನ್ನಷ್ಟು ಸಡಿಲಗೊಳಿಸಿ, ಅದನ್ನೇ ಸಾದಾ ವ್ಯವಸ್ಥೆಯೆಂದು ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರು. ಹೀಗಾಗಿ ಓವರ್‌ಕ್ಲಾಕಿಂಗ್ ಎಂಬ ಹೆಸರನ್ನೇ ಕೇಳದ ಗೃಹಸ್ಥನು ಸಹ ಅದನ್ನು ತನ್ನ ಮನೆಯಲ್ಲಿ ನಡೆಸುತ್ತಿದ್ದನು.

ಪರಿಣಾಮವು ತಡವಾಗಲಿಲ್ಲ. ಆಟಗಳು ನಡುವೆ ನಿಲ್ಲತೊಡಗಿದವು. ಚಿತ್ರದ ಕಾರ್ಡಿನಲ್ಲಿ ಬೇಕಾದಷ್ಟು ಸ್ಮೃತಿಯಿದ್ದರೂ ಸ್ಮೃತಿ ಸಾಲದೆಂಬ ಸುಳ್ಳು ಸೂಚನೆಗಳು ಬಂದವು. ಅಡಕಗೊಳಿಸಿದ ಕಡತಗಳನ್ನು ಬಿಡಿಸುವ ಕಾರ್ಯಕ್ರಮಗಳು ತಪ್ಪು ಲೆಕ್ಕವನ್ನು ಹೇಳಿದವು. ಜನರು ಚಿತ್ರದ ಕಾರ್ಡನ್ನು ಬೈದರು, ಆಟ ಬರೆದವರನ್ನು ಬೈದರು. ಕೆಲವರು ಹೊಸ ಕಾರ್ಡನ್ನೇ ಕೊಂಡರು. ಪ್ರೊಸೆಸರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ಏಕೆಂದರೆ ಗಣಕದ ಬೇರೆಲ್ಲ ಅಂಗಗಳು ಕೆಟ್ಟರೂ ಪ್ರೊಸೆಸರು ಕೆಡುವದಿಲ್ಲವೆಂಬದು ಇಪ್ಪತ್ತು ವರುಷಗಳ ನಂಬಿಗೆಯಾಗಿತ್ತು. ದೂರುಗಳು ರಾಶಿಬಿದ್ದ ಮೇಲೆ 2024ರ ಜುಲೈ ತಿಂಗಳಲ್ಲಿ ಇಂಟೆಲ್ ಕಂಪನಿಯು ನಿಜವನ್ನು ಹೊರಗೆಡಹಿತು. ಪ್ರೊಸೆಸರಿನೊಳಗಿನ ಮೈಕ್ರೋಕೋಡ್ ಎಂಬ ಆಜ್ಞಾಸರಣಿಯೇ ತಪ್ಪಾಗಿದ್ದು, ಅದು ಬೇಕಾದುದಕ್ಕಿಂತ ಹೆಚ್ಚಿನ ಒತ್ತಡವನ್ನು ಬೋರ್ಡಿನಿಂದ ಕೇಳಿ ಪಡೆಯುತ್ತಿತ್ತು. ಆಗಸ್ಟಿನಲ್ಲಿ ಬಂದ ತಿದ್ದುಪಡಿಯು 1.55 ವೋಲ್ಟಿಗೆ ಮೇಲ್ಮಿತಿಯನ್ನು ಹಾಕಿತು. ಸಪ್ಟೆಂಬರದಲ್ಲಿ ಮತ್ತೊಂದು ತಿದ್ದುಪಡಿ ಬಂದಿತು; ಕಾರಣವೇನೆಂದರೆ ಯಂತ್ರವು ಕೆಲಸವಿಲ್ಲದೆ ಸುಮ್ಮನೆ ಕುಳಿತಾಗಲೂ ಒತ್ತಡವನ್ನು ಏರಿಸಿಕೊಳ್ಳುತ್ತಿತ್ತೆಂಬದು ಕಂಡುಬಂದಿತ್ತು. 2025ರ ಮೇ ತಿಂಗಳಲ್ಲಿ ಮೂರನೆಯದು ಬಂದಿತು. ಅದು ದಿನಗಟ್ಟಲೆ ಬಿಡದೆ ನಡೆದು ಹಗುರವಾದ ಕೆಲಸವನ್ನಷ್ಟೇ ಮಾಡುವ ಯಂತ್ರಗಳ ಸಲುವಾಗಿ. ನಮ್ಮ ಕಚೇರಿಗಳಲ್ಲಿಯ ಯಂತ್ರಗಳೆಂದರೆ ಇಂಥವೇ ಅಲ್ಲವೆ?

ಈ ಪ್ರಕರಣದಲ್ಲಿ ಮನಸ್ಸಿಗೆ ನಾಟುವ ಸಂಗತಿಯೊಂದುಂಟು. ಮೊದಲು ಮುಪ್ಪಾದದ್ದು ಲೆಕ್ಕಮಾಡುವ ಭಾಗವಲ್ಲ. ಗಡಿಯಾರದ ಬಡಿತವನ್ನು ಮೂಲೆಮೂಲೆಗೆ ಮುಟ್ಟಿಸುವ ಭಾಗ. ಒತ್ತಡಕ್ಕೂ ಕಾವಿಗೂ ಸಿಕ್ಕಿ ಆ ಬಡಿತವೇ ಓರೆಯಾಗಿತ್ತು. ಮೇಳದಲ್ಲಿ ತಾಳ ಹಾಕುವವನೇ ತಪ್ಪಿದ ಮೇಲೆ ಹಾಡುವವರನ್ನು ಬೈದು ಫಲವೇನು?

ಕಂಪನಿಯು ತನ್ನ ಜಾಮೀನನ್ನು ಎರಡು ವರುಷ ಹೆಚ್ಚಿಸಿ ಒಟ್ಟು ಐದು ವರುಷ ಮಾಡಿತು. ಇದು ಮೆಚ್ಚತಕ್ಕ ಕೆಲಸ. ಆದರೆ ತಿದ್ದುಪಡಿಯು ಮುಂದಿನ ಹಾನಿಯನ್ನು ತಡೆಯಬಲ್ಲದೇ ಹೊರತು ಆಗಿಹೋದುದನ್ನು ಸರಿಪಡಿಸಲಾರದು. ಎದುರಾಳಿಯಾದ ಎಎಂಡಿಯ ಮನೆಯೂ ಪೂರ್ತಿ ಶುಚಿಯಾಗಿರಲಿಲ್ಲ. 2023ರ ಏಪ್ರಿಲದಲ್ಲಿ ಅದರ ರೈಜನ್ 7000 ಪೀಳಿಗೆಯ ಕೆಲವು ಪ್ರೊಸೆಸರುಗಳು ಬೋರ್ಡಿಗೆ ಅಂಟಿಕೊಂಡು ಉಬ್ಬಿ ಸುಟ್ಟಿದ್ದವು. ಸ್ಮೃತಿಯ ವೇಗವನ್ನು ಏರಿಸುವ ಒಂದು ಗುಂಡಿಯನ್ನು ಒತ್ತಿದೊಡನೆ ಕೆಲವು ಬೋರ್ಡುಗಳು ಮತ್ತೊಂದು ಅಂಗದ ಒತ್ತಡವನ್ನೂ ಹೇಳದೆ ಕೇಳದೆ ಏರಿಸುತ್ತಿದ್ದವು, ಅದಕ್ಕೆ 1.3 ವೋಲ್ಟಿನ ಬೇಲಿಯನ್ನು ಆಮೇಲೆ ಹಾಕಲಾಯಿತು.

ಉಗಾರ ಖುರ್ದದಲ್ಲಿ ಕಬ್ಬು ನುರಿಸುವ ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪಿತವಾದ ಕಂಪನಿ. (ಬುದ್ರುಕ, ಖುರ್ದ ಎಂದರೆ ಪಾರಸೀ ಮೂಲದ ಶಬ್ದಗಳಿಂದ ಬಂದ ಹಿರಿದು, ಕಿರಿದು; ಈಗ ಕಾರ್ಖಾನೆಯಿರುವದು ಕಿರಿದರಲ್ಲಿ!) ಅಲ್ಲಿಯ ಹಳೆಯ ಕೆಲಸಗಾರನಿಗೆ ರೋಲರುಗಳ ವೇಗವನ್ನು ಕುರಿತು ಪಾಠ ಹೇಳಹೋಗುವದು ನಗೆಪಾಟಲು. ರೋಲರನ್ನು ಜೋರಾಗಿ ತಿರುಗಿಸಿದರೆ ಹೆಚ್ಚು ಕಬ್ಬು ಒಳಹೋದೀತು. ಆದರೆ ಸಿಪ್ಪೆಯಲ್ಲಿ ರಸವು ಉಳಿದೀತು, ಬೇರಿಂಗು ಸವೆದೀತು, ಹಂಗಾಮದ ನಡುವೆ ಗಿರಣಿ ನಿಂತರೆ ಹೊಲದಲ್ಲಿಯ ಕಬ್ಬು ಒಣಗೀತು. ಟ್ರಾನ್ಸ್‌ಫಾರ್ಮರಿನ ವಿಷಯದಲ್ಲಿಯೂ ಅಷ್ಟೇ. ಸುರುಳಿಯ ಕಾವು ಎಂಟು ಡಿಗ್ರಿ ಏರಿದರೆ ಹೊದಿಕೆಯ ಆಯುಷ್ಯವು ಅರ್ಧವಾಗುವದೆಂದು ಮಾಂಟ್‌ಸಿಂಗರ್ ಎಂಬ ಇಂಜಿನಿಯರು 1930ರಷ್ಟು ಹಿಂದೆಯೇ ತೋರಿಸಿದ್ದನು. ಕಬ್ಬಿಣಕ್ಕೂ ತಾಮ್ರಕ್ಕೂ ಸಿಲಿಕಾನಿಗೂ ಈ ನ್ಯಾಯವು ಒಂದೇ. ವ್ಯತ್ಯಾಸವೆಂದರೆ ಗಿರಣಿಯ ವೇಗವನ್ನು ಗೊತ್ತುಮಾಡುವವನು ಗಿರಣಿಯಲ್ಲಿಯೇ ಇರುತ್ತಾನೆ, ಅದರ ಸದ್ದನ್ನು ಕಿವಿಯಿಂದ ಕೇಳುತ್ತಾನೆ. ಪ್ರೊಸೆಸರಿನ ಒತ್ತಡವನ್ನು ಗೊತ್ತುಮಾಡುವವನು ಸಾಗರದ ಆಚೆಗಿದ್ದಾನೆ. ನಷ್ಟವನ್ನು ಹೊರುವವನು ಉಗಾರದಲ್ಲಿದ್ದಾನೆ.

ನಮ್ಮವರಿಗೆ ಈ ವಿದ್ಯೆಯು ತಿಳಿಯದೆಂದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿಯೇ ಬೆಂಗಳೂರಿಗೆ ಬಂದು ಬಿಲ್ಲೆಗಳ ವಿನ್ಯಾಸವನ್ನು ಪ್ರಾರಂಭಿಸಿತು. 2008ರಲ್ಲಿ ಹೊರಬಂದ ಇಂಟೆಲ್ಲಿನ ಆರು ಹೃದಯಗಳ ಜಿಯಾನ್ 7400 ಪ್ರೊಸೆಸರು, 190 ಕೋಟಿ ಟ್ರಾನ್ಸಿಸ್ಟರುಗಳದ್ದು, ಬೆಂಗಳೂರಿನ ಇಂಜಿನಿಯರುಗಳ ವಿನ್ಯಾಸ. ಉಪಗ್ರಹಗಳನ್ನು ಕಟ್ಟುವವರು ಪಾಲಿಸುವ ನಿಯಮವಂತೂ ಓವರ್‌ಕ್ಲಾಕಿಂಗಿಗೆ ನೇರವಾಗಿ ವಿರುದ್ಧವಾದುದು: ಪ್ರತಿಯೊಂದು ಭಾಗವನ್ನೂ ಅದರ ಗೊತ್ತಾದ ಮಿತಿಗಿಂತ ಕೆಳಗೇ ದುಡಿಸುವದು. ಆಕಾಶಕ್ಕೆ ಏರಿದ ಮೇಲೆ ರಿಪೇರಿಗೆ ಯಾರೂ ಹೋಗಲಾರರಷ್ಟೆ. ಅವರೂ ಹೆಚ್ಚಿನ ಒತ್ತಡವನ್ನೂ ಕಾವನ್ನೂ ಬಳಸುವದುಂಟು. ಆದರೆ ಅದು ಪರೀಕ್ಷೆಗೆ. ಭಾಗಗಳನ್ನು 125 ಡಿಗ್ರಿಯಂಥ ಕಾವಿನಲ್ಲಿ ದಿನಗಟ್ಟಲೆ ಬೇಯಿಸಿ, ಎಳೆತನದಲ್ಲಿಯೇ ಸಾಯತಕ್ಕವುಗಳನ್ನು ಭೂಮಿಯ ಮೇಲೆಯೇ ಸಾಯಿಸಿ, ಉಳಿದವುಗಳನ್ನು ಮಾತ್ರ ಆರಿಸಿಕೊಳ್ಳುವರು. ಒಂದೇ ಉಪಕರಣವು ಒಬ್ಬನ ಕೈಯಲ್ಲಿ ಒರೆಗಲ್ಲು, ಇನ್ನೊಬ್ಬನ ಕೈಯಲ್ಲಿ ಕೊಡಲಿ.

ಇನ್ನು ಊರಿನ ಮಟ್ಟದ ಮಾತು. ದೊಡ್ಡ ಶಹರಗಳಲ್ಲಿ ಬಳಸಿ ಬಿಟ್ಟ ಪ್ರೊಸೆಸರುಗಳು ಅರ್ಧ ಬೆಲೆಗೆ ನಮ್ಮ ಕಡೆಗೆ ಬರುತ್ತವೆ. ಬಡ ವಿದ್ಯಾರ್ಥಿಗೆ ಅದೊಂದು ವರವೇ. ಕೊಳ್ಳಬೇಡಿರೆಂದು ಹೇಳುವದು ಸುಲಭ, ಹಣ ಕೊಡುವವರು ಯಾರು? ಆದರೆ ಎತ್ತು ಕೊಳ್ಳುವವನು ಹಲ್ಲನ್ನು ನೋಡಬಲ್ಲ. ಪ್ರೊಸೆಸರಿನ ಬಾಯಿ ತೆರೆದು ನೋಡುವ ಹಾಗಿಲ್ಲ. ಎರಡು ವರುಷ ಅತಿಯಾದ ಒತ್ತಡದಲ್ಲಿ ದುಡಿದ ಬಿಲ್ಲೆಯೂ ಪೆಟ್ಟಿಗೆ ಒಡೆಯದ ಬಿಲ್ಲೆಯೂ ಹೊರನೋಟಕ್ಕೆ ಒಂದೇ. ಅಂಗಡಿಯಲ್ಲಿ ಐದು ನಿಮಿಷ ಚಾಲೂ ಮಾಡಿ ತೋರಿಸಿದ್ದನ್ನು ಪ್ರಮಾಣವೆಂದು ನಂಬಬಾರದು. ಭಾರವಾದ ಕೆಲಸವನ್ನು ಕೊಟ್ಟು ಒಂದೆರಡು ತಾಸು ಓಡಿಸಿ, ದೊಡ್ಡದೊಂದು ಅಡಕ ಕಡತವನ್ನು ಮೇಲಿಂದ ಮೇಲೆ ಬಿಡಿಸಿ ನೋಡಿದರೆ, ಮುಪ್ಪಾದದ್ದು ಬಹುಶಃ ತನ್ನ ಬಣ್ಣವನ್ನು ತೋರಿಸೀತು.

ಕಚೇರಿಗಳ ವಿಷಯದಲ್ಲಿ ನಮಗೆ ಹೆಚ್ಚಿನ ಚಿಂತೆ. ಆಟ ನಿಂತರೆ ಹುಡುಗನೊಬ್ಬನು ಮುನಿಸಿಕೊಂಡಾನು. ಆದರೆ ಮುಪ್ಪಾದ ಪ್ರೊಸೆಸರು ಯಾವಾಗಲೂ ನಿಂತೇ ಬಿಡುವದಿಲ್ಲ; ಒಮ್ಮೊಮ್ಮೆ ನಿಲ್ಲದೆ ತಪ್ಪು ಲೆಕ್ಕವನ್ನು ಬರೆದು ಮುಂದೆ ಸಾಗುತ್ತದೆ. ಕಬ್ಬಿನ ತೂಕದಲ್ಲಿಯೋ ಸಾಲದ ಖಾತೆಯಲ್ಲಿಯೋ ಒಂದು ಅಂಕೆ ಪಲ್ಲಟವಾದರೆ ಅದನ್ನು ಯಂತ್ರದ ತಪ್ಪೆಂದು ಯಾರು ಒಪ್ಪಿಕೊಳ್ಳುವರು? ಕಾರಕೂನನ ಕೈವಾಡವೆಂದೋ ರೈತನ ಹುಸಿ ತಕರಾರೆಂದೋ ಅದು ಮುಗಿದುಹೋದೀತು. ಆದಕಾರಣ ಟೆಂಡರು ಬರೆಯುವ ಅಧಿಕಾರಿಗಳು ವೇಗದ ಅಂಕೆಯನ್ನಷ್ಟೇ ನೋಡಿ ಮರುಳಾಗದೆ, ಮುಖ್ಯವಾದ ಲೆಕ್ಕಗಳನ್ನಿಡುವ ಯಂತ್ರಗಳಿಗೆ ತಪ್ಪನ್ನು ತಾನೇ ಹಿಡಿಯುವ ಸ್ಮೃತಿಯನ್ನೂ, ಪೂರೈಸುವವರಿಂದ ಕಾಲಕಾಲಕ್ಕೆ ಬಯಾಸ್ ತಿದ್ದುಪಡಿಯನ್ನೂ ಶರತ್ತಾಗಿ ಕೇಳಬೇಕು. ಬೋರ್ಡಿನ ವ್ಯವಸ್ಥೆಯನ್ನು ಪ್ರೊಸೆಸರು ತಯಾರಿಸಿದವರು ಹೇಳಿದ ಮಿತಿಗೆ ತಂದೇ ಒಪ್ಪಿಸತಕ್ಕದ್ದೆಂದು ಕರಾರಿನಲ್ಲಿ ಬರೆಯಿಸುವದಕ್ಕೆ ಒಂದು ಸಾಲು ಸಾಕು, ಖರ್ಚೇನೂ ಇಲ್ಲ. ಒತ್ತಡವನ್ನು ತುಸು ಇಳಿಸಿ, ವೇಗದಲ್ಲಿ ನೂರಕ್ಕೆ ನಾಲ್ಕೈದನ್ನು ಬಿಟ್ಟುಕೊಟ್ಟರೆ ಕಾವು ಬಹಳಷ್ಟು ತಗ್ಗುತ್ತದೆ. ವರ್ಗದ ಲೆಕ್ಕವು ಏರುವಾಗ ಎಷ್ಟು ಕ್ರೂರವೋ ಇಳಿಯುವಾಗ ಅಷ್ಟೇ ಉದಾರವಾದುದು. ಉತಾರ ತೆಗೆಯುವದಕ್ಕೆ ಆರು ಗಿಗಾಹರ್ಟ್ಸು ಬೇಕಾಗಿಲ್ಲ.

ಇಂಟೆಲ್ಲಿನ ಹದಿಮೂರನೆಯ ಮತ್ತು ಹದಿನಾಲ್ಕನೆಯ ಪೀಳಿಗೆಯ ಮೇಜಿನ ಗಣಕಗಳಲ್ಲಿ ಐ-5, ಐ-7, ಐ-9 ಹೆಸರಿನ ಬಲಿಷ್ಠ ಜಾತಿಗಳಿಗೆ ಈ ಹೆಚ್ಚಿನ ಜಾಮೀನು ಅನ್ವಯಿಸುತ್ತದೆ; ಲ್ಯಾಪ್‌ಟಾಪುಗಳಿಗೆ ಈ ದೋಷವಿಲ್ಲವೆಂದು ಕಂಪನಿಯು ಹೇಳಿದೆ. ಬಿಡಿಯಾಗಿ ಪ್ರೊಸೆಸರನ್ನು ಕೊಂಡವರು ನೇರವಾಗಿ ಕಂಪನಿಗೂ, ಜೋಡಿಸಿದ ಗಣಕವನ್ನು ಕೊಂಡವರು ಅದನ್ನು ಜೋಡಿಸಿಕೊಟ್ಟವರಿಗೂ ಬರೆಯಬೇಕು. ಐದು ವರುಷಗಳನ್ನು ಎಣಿಸುವದು ಕೊಂಡ ದಿನದಿಂದ. 2022ರ ಅಕ್ಟೋಬರದಲ್ಲಿ ಮೊದಲ ಸರಕನ್ನು ಕೊಂಡವರಿಗೆ 2027ರ ಅಕ್ಟೋಬರಕ್ಕೆ ಆ ಅವಧಿಯು ತೀರುತ್ತದೆ. ಬಿಲ್ಲಿನ ಕಾಗದವು ಎಲ್ಲಿದೆಯೆಂಬದನ್ನು ಈಗಲೇ ಹುಡುಕಿ ಇಟ್ಟುಕೊಳ್ಳುವದು ಲೇಸು.